ಕಂಬಿಯಿಲ್ಲದ ರೆಕ್ಕೆ

ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವಳು ರೆಕ್ಕೆ ಅಕ್ಕ. ಪ್ರಾರ್ಥನಾ ಮಂದಿರಗಳ ಚಾವಣಿಗೆ ಪ್ಲಾಸ್ಟರಿನ ದೇವದೂತರನ್ನು ಮಾಡುವ ಅಣ್ಣನ ಕಾರ್ಖಾನೆಯಲ್ಲಿ ಮುಖ, ಮೈ ಅವನ ಪಾಲು; ರೆಕ್ಕೆ ಇವಳ ಪಾಲು. ಮದುವೆಗೆ ಮುಂಚೆ ಹಿಡಿದ ಕೆಲಸವನ್ನು ಗಂಡ ತೀರಿಕೊಂಡ ಮೇಲೂ ಬಿಟ್ಟಿರಲಿಲ್ಲ. ಅಚ್ಚಿಗೆ ಅರ್ಧ ಪ್ಲಾಸ್ಟರ್ ಸುರಿಯಬೇಕು, ಅದು ಬಿಗಿಯುವ ಮೊದಲು ಕಬ್ಬಿಣದ ಕಂಬಿ ಮಲಗಿಸಬೇಕು, ಅದರ ಮೇಲೆ ಉಳಿದರ್ಧ. ಸ್ವರ್ಗದವರಾದರೇನು, ಒಳಗೆ ಕಬ್ಬಿಣವಿಲ್ಲದಿದ್ದರೆ ಅವರೂ ಬೀಳುವವರೇ.

ಒಂದು ಬೆಳಿಗ್ಗೆ ಮೇಜಿನ ಕೆಳಗೆ ಗುಡಿಸುವಾಗ ರೆಕ್ಕೆಗೆಂದು ಬಾಗಿಸಿಟ್ಟಿದ್ದ ಕಂಬಿಯೊಂದು ಪೊರಕೆಗೆ ಸಿಕ್ಕಿತು. ಕೈಗೆತ್ತಿಕೊಂಡೊಡನೆ ಅವಳಿಗೆ ನೆನಪಾಯಿತು. ಮಗಳಿಗೆ ಹೆರಿಗೆಯಾಯಿತೆಂದು ಫೋನ್ ಬಂದ ದಿನ ಅರ್ಧ ಸುರಿದ ಅಚ್ಚನ್ನು ಬಿಟ್ಟು ಹೊರಗೆ ಓಡಿದ್ದಳು. ಅದೇ ಹಿಗ್ಗಿನಲ್ಲಿ ಒಳಗೆ ಬಂದು ಉಳಿದರ್ಧ ಸುರಿದಿದ್ದಳು. ಆ ರೆಕ್ಕೆ ಈಗ ಊರಿನ ಪ್ರಾರ್ಥನಾ ಮಂದಿರದಲ್ಲಿ, ಹಾಡುವ ಮಕ್ಕಳ ಬೆಂಚಿನ ನೇರ ಮೇಲಿತ್ತು. ಸಂಜೆಗೆ ಮಕ್ಕಳು ಬಂದು ಕೂರುವವರಿದ್ದರು.

ಬಾಯಿ ಬಿಟ್ಟರೆ ಇಷ್ಟು ವರ್ಷದ ಹೆಸರು ಮಣ್ಣುಪಾಲು. ಬಿಡದಿದ್ದರೆ... ಅದನ್ನು ಯೋಚಿಸಲೂ ಆಗದೆ ಅವಳು ನೇರ ಅಣ್ಣನ ಮುಂದೆ ಹೋಗಿ ನಿಂತಳು.

"ಅಣ್ಣಾ, ಒಂದು ರೆಕ್ಕೆಗೆ ಕಂಬಿ ಹಾಕೋದು ಮರ್ತಿದೀನಿ ಅನ್ಸುತ್ತೆ."

"ನೀನಾ? ಬೀಗ ಹಾಕಿ ನಾಲ್ಕು ಸಲ ಎಳೆದು ನೋಡೋಳು ನೀನು!"

"ನಗಬೇಡ. ಏಣಿ ತಗೊಂಡು ಬಾ."

ಅಣ್ಣ ಬೈಯಲಿಲ್ಲ. ಹೆದರಿದಾಗ ಬೈಯುವುದನ್ನೂ ಮರೆಯುವ ಮನುಷ್ಯ ಅವನು.

ಮಂದಿರದಲ್ಲಿ ಬೆಂಚು ಸರಿಸಿ, ಏಣಿ ಹತ್ತಿ, ಅಣ್ಣ ಅಯಸ್ಕಾಂತ ಹಿಡಿದ. ಬಲ ರೆಕ್ಕೆಗೆ ಅದು ಟಕ್ಕೆಂದು ಅಂಟಿಕೊಂಡಿತು. ಎಡ ರೆಕ್ಕೆಯ ಮೇಲೆ ಬುಡದಿಂದ ತುದಿಯವರೆಗೂ ಜಾರುತ್ತಲೇ ಹೋಯಿತು. ಬುಡದ ಸ್ಕ್ರೂ ಬಿಚ್ಚಿ ಇಳಿಸುವಷ್ಟರಲ್ಲಿ ರೆಕ್ಕೆ ಅವನ ಕೈಯಲ್ಲೇ ಎರಡು ಹೋಳಾಯಿತು. ಒಂದು ಹೋಳು ಕೆಳಗೆ ಬಿದ್ದು, ಬೆಂಚು ಇದ್ದ ಜಾಗದಲ್ಲಿ ಪುಡಿಪುಡಿಯಾಯಿತು.

ರೆಕ್ಕೆ ಅಕ್ಕ ಅಲ್ಲೇ ಕುಸಿದು ಕೂತು ಅತ್ತಳು, ಅಳುತ್ತಲೇ ನಕ್ಕಳು. ಹೆಸರು ಹೋದರೆ ಹೋಗಲಿ, ಯಾವ ಮಗುವಿನ ಕೂದಲೂ ಕೊಂಕಲಿಲ್ಲ.

ಸದ್ದು ಕೇಳಿ ಓಡಿಬಂದ ಮಂದಿರದ ಹಿರಿಯರೊಬ್ಬರು ಒಮ್ಮೆ ನೆಲ ನೋಡಿದರು, ಒಮ್ಮೆ ಚಾವಣಿ ನೋಡಿದರು. "ಇಷ್ಟು ದಿನ ಅದನ್ನ ದೇವರೇ ಹಿಡ್ಕೊಂಡಿದ್ದ ಕಣಮ್ಮಾ," ಎಂದರು.

ಅವಳು ಮುಂಗೈಯಿಂದ ಕಣ್ಣೊರೆಸಿಕೊಂಡು ಎದ್ದಳು.

"ಈಗಲೇ ಹೋಗಿ ಕಂಬಿ ಹಾಕಿ ಹೊಸದು ಮಾಡ್ತೀನಿ ಸ್ವಾಮಿ. ಪಾಪ, ಅವನಿಗೂ ಕೈ ಸೋತಿರುತ್ತೆ."