ಇಡಿಯಾಗಿ ಬಂದ ಮಾತ್ರೆ

“ನೀವು ಮಾತ್ರೆ ನುಂಗ್ತಾನೇ ಇಲ್ಲ, ಸುಮ್ನೆ ಸುಳ್ಳು ಹೇಳ್ತೀರ,” ಎಂದು ವಿಜಯನಗರದ ಡಾಕ್ಟರೊಬ್ಬರು ನಮ್ಮ ಯಜಮಾನರನ್ನು ಎಲ್ಲರೆದುರು ಗದರಿದರು. ದೊಡ್ಡ ಕರುಳು ತೆಗೆದ ಮೇಲೆ ಇವರ ಸಣ್ಣ ಕರುಳಿನ ಬಾಯಿ ಹೊಟ್ಟೆಯ ಮೇಲೇ ಇದೆ. ಮಲ ಅಲ್ಲಿಂದಲೇ ಬರುವುದರಿಂದ ಅದಕ್ಕೆ ರಬ್ಬರ್ ಚೀಲ ಕಟ್ಟಿಕೊಳ್ಳುತ್ತಾರೆ. ರಕ್ತ ಕಮ್ಮಿಯಾಗಿ ನಾಲ್ಕು ಹೆಜ್ಜೆಗೇ ಏದುಸಿರು. ಕಬ್ಬಿಣದ ಮಾತ್ರೆಯನ್ನು ದಿನಾ ನಾನೇ ಎದುರು ನಿಂತು ನುಂಗಿಸುತ್ತಿದ್ದೆ, ಆದರೂ ರಕ್ತ ಏರಿರಲಿಲ್ಲ.

ಮಾರನೆಯ ದಿನ ಚೀಲ ತೊಳೆಯುವಾಗ ಆ ಕೆಂಪು ಮಾತ್ರೆ ಸಿಕ್ಕಿತು, ಬಣ್ಣವೂ ಮಾಸದೆ ಇಡಿಯಾಗಿ. ಚೆನ್ನಾಗಿ ತೊಳೆದು, ಕಾಗದದಲ್ಲಿ ಸುತ್ತಿ ಒಯ್ದು, ಡಾಕ್ಟರ ಮೇಜಿನ ಮೇಲೆ ಬಿಚ್ಚಿಟ್ಟೆ. “ನುಂಗಿದ್ದು ಹಂಗೇ ಚೀಲಕ್ಕೆ ಬಂದಿದೆ, ನೋಡಿ ಸಾರ್.”

ಅವರು ಕುರ್ಚಿ ಹಿಂದಕ್ಕೆ ಸರಿಸಿ, “ಥೂ, ಇದನ್ನೆಲ್ಲ ಯಾಕಮ್ಮ ತಂದ್ರಿ?” ಎಂದರು. ಕರಗದ ಮಾತ್ರೆಯ ಬದಲು ಕಬ್ಬಿಣದ ಟಾನಿಕ್ ಬರೆದುಕೊಟ್ಟರು.

ಟಾನಿಕ್ ಮೈಗೆ ಹತ್ತಿತು, ಇವರು ಚೇತರಿಸಿಕೊಂಡರು. ಆದರೆ ತೊಳೆದ ಮಾತ್ರೆ ಕಂಡು ಹೇಸಿದ ಆ ಮನುಷ್ಯನಿಗೆ, ರೋಗಿಯನ್ನು ಎಲ್ಲರೆದುರು ಸುಳ್ಳುಗಾರ ಅನ್ನಲು ಹೇಸಿಗೆ ಆಗಿರಲಿಲ್ಲ.