ಹಳದಿ ಕಲ್ಲುಗಳ ದಾರಿ

ಬ್ಯಾಡಗಿಯಿಂದ ತರಿಸಿದ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಅಂಗಳದಲ್ಲಿ ಕುಳಿತಿದ್ದೆ. ಎರಡು ವರ್ಷದ ಹಿಂದಿನ ಬೇಸಿಗೆ ಅದು. ದೇವರಗುಡ್ಡದ ಹತ್ತಿರ ನಾವು ಒಂದು ನಡಿಗೆ ಕೇಂದ್ರ ನಡೆಸುತ್ತೇವೆ. ಪೇಟೆಯವರು ಬಂದು ತಂಗುತ್ತಾರೆ. ಬೆಳಿಗ್ಗೆ ಕುರುಚಲು ಕಾಡಿನ ಟ್ರೇಲ್‌ಗಳಲ್ಲಿ, ಅಂದರೆ ಬಣ್ಣದ ಗುರುತು ಹಾಕಿದ ಕಾಲುದಾರಿಗಳಲ್ಲಿ, ಸುತ್ತಿ ಬರುತ್ತಾರೆ. ದಾರಿಯ ಹೊಣೆ ನಮ್ಮ ಯಜಮಾನರದು. ಕೋಣೆ, ಹಾಸಿಗೆ, ಊಟ ನನ್ನದು.

ಆ ವಾರ ಹುಬ್ಬಳ್ಳಿಯಿಂದ ವಸಂತರಾಯರು, ಅವರ ಹೆಂಡತಿ ಸುಧಾಬಾಯಿ ಬಂದಿದ್ದರು. ರಾಯರು ನಿವೃತ್ತ ಮಾಸ್ತರು, ಮಾತುಗಾರರು.

"ಥಂಡಿ ದೇಶದಾಗ ಕಾಲಿಗೆ ಹಲಗಿ ಕಟ್ಕೊಂಡು ಬರ್ಫದ ಮ್ಯಾಲೆ ಅಡ್ಡಾಡ್ತಾರಂತವಾ. ನಮ್ಮ ನಸೀಬಕ್ಕ ನಿಮ್ಮ ಧೂಳ ಬಂತು ನೋಡು," ಎಂದು ಅಂದು ಬೆಳಿಗ್ಗೆ ಚಹಾ ಕುಡಿಯುತ್ತ ಛೇಡಿಸಿದ್ದರು.

"ಬರ್ಫದಾಗ ಬಿಸಿ ರೊಟ್ಟಿ ಯಾರು ಬಡದು ಕೊಡ್ತಾರ್ರಿ ರಾಯರ?"

"ಅದೂ ಖರೇನ. ಲಗೂನ ಬರ್ತೇನಿ. ರೊಟ್ಟಿ ಆರಬಾರದು ಮತ್ತ."

ನಡಿಗೆ ಮುಗಿಸಿ ಉಳಿದ ಅತಿಥಿಗಳೆಲ್ಲ ನಾಷ್ಟಾಕ್ಕೆ ಬಂದರು, ಒಬ್ಬರೇ ಹೋಗಿದ್ದ ರಾಯರು ಬರಲಿಲ್ಲ. ಮೊಣಕಾಲು ನೋವೆಂದು ಸುಧಾಬಾಯಿ ಕೋಣೆಯಲ್ಲೇ ಉಳಿದಿದ್ದರು. ಯಜಮಾನರು ಹುಡುಕಲು ಹೋದರು. ಅವರ ಫೋನ್ ಬರುವಾಗ ಬಿಸಿಲು ಸುಡುತ್ತಿತ್ತು.

"ರಾಯರು ಹಳೇ ಕಲ್ಲಿನ ಕ್ವಾರಿಯೊಳಗ ಬಿದ್ದಾರ. ಉಸುರು ಐತಿ, ಈಗ ಮಾತಿಲ್ಲ. ಬಾಯಾರನ್ನ ಕರಕೊಂಡು ಸೀದಾ ರಾಣೆಬೆನ್ನೂರು ದವಾಖಾನಿಗೆ ಬಾ."

ನನ್ನ ಮುಖ ನೋಡಿಯೇ ಸುಧಾಬಾಯಿ ಕುಂಟುತ್ತ ಬಂದು ಕೈ ಹಿಡಿಯಲು ಹೋದರು. "ಮೆಣಸಿನಕಾಯಿ ಕೈ ಐತ್ರಿ ಬಾಯಾರ, ಮುಟ್ಟಬ್ಯಾಡ್ರಿ," ಎಂದೆ. ಅವರು ಬಿಡಲಿಲ್ಲ. ದಾರಿಯುದ್ದಕ್ಕೂ ಹಿಡಿದೇ ಇದ್ದರು. ಇಬ್ಬರ ಕೈಗಳೂ ಉರಿಯುತ್ತಿದ್ದವು, ಇಬ್ಬರಿಗೂ ಕಣ್ಣೊರೆಸಿಕೊಳ್ಳಲು ಆಗಲಿಲ್ಲ.

ದವಾಖಾನೆ ಮುಟ್ಟುವ ಮೊದಲೇ ರಾಯರ ಜೀವ ಹೋಗಿತ್ತು.

ನಮ್ಮ ಟ್ರೇಲ್ ಆ ಕ್ವಾರಿಯ ಕಡೆ ಹೋಗುವುದೇ ಇಲ್ಲ. ರಾಯರು ಅಲ್ಲಿಗೆ ಹೋದದ್ದು ಹೇಗೆಂದು ಆಮೇಲೆ ತಿಳಿಯಿತು. ಅರಿಶಿನಪ್ರಿಯನಾದ ಗುಡ್ಡದ ದೇವರು ಮೈಲಾರಪ್ಪನ ಮೇಲಿನ ಭಕ್ತಿಯಿಂದ ನಾವು ದಾರಿಯ ಕಲ್ಲುಗಳಿಗೆ ಹಳದಿ ಪೇಂಟ್ ಹಚ್ಚಿದ್ದೆವು. ಹಿಂದಿನ ದಿನ ಅಮಾವಾಸ್ಯೆ. ಕುರಿಗಾರರು ಕ್ವಾರಿಯ ಅಂಚಿನಲ್ಲಿ ತಮ್ಮ ಕುರಿ ಸಾಗುವ ದಾರಿಯ ಕಲ್ಲುಗಳಿಗೆ ಭಂಡಾರ, ಅಂದರೆ ದೇವರ ಅರಿಶಿನಪುಡಿ, ಹಚ್ಚಿ ಕೈಮುಗಿದಿದ್ದರು. ಊರವರಿಗೆ ಪೇಂಟ್ ಯಾವುದು, ಭಂಡಾರ ಯಾವುದು ಎಂದು ನೋಡಿದರೆ ತಿಳಿಯುತ್ತದೆ. ಹುಬ್ಬಳ್ಳಿಯ ಮಾಸ್ತರರಿಗೆ ಎರಡೂ ಹಳದಿಯೇ. ಒಂದು ಕಲ್ಲಿನಿಂದ ಇನ್ನೊಂದಕ್ಕೆ, ನಮ್ಮನ್ನೇ ನಂಬಿ ನಡೆದಿದ್ದರು.

ಅವರನ್ನು ಮೊದಲು ಕಂಡವನು ಕುರಿಗಾರ ನಿಂಗಪ್ಪ. ದವಾಖಾನೆಯ ಗೋಡೆಗೆ ಒರಗಿ ನಿಂತಿದ್ದ ಅವನ ಹತ್ತಿರ ಸುಧಾಬಾಯಿ ತಾವೇ ಹೋದರು.

"ಕುಡಿಯಾಕ ನೀರರ ಸಿಕ್ಕಿತ್ತೇನಪಾ ಅವರಿಗೆ?"

"ಸಿಕ್ಕಿತ್ರಿ ಅವ್ವಾರ. ನಾನ ಕುಡಿಸಿದೆ. ಕಂಬಳಿ ಹಿಡದು ನೆರಳ ಮಾಡಿದ್ದೆ. ತೊಡಿಮ್ಯಾಲೆ ತಲಿ ಇಟ್ಕೊಂಡಿದ್ದೆ."

"ಏನರ ಅಂದ್ರೇನು?"

ನಿಂಗಪ್ಪ ನನ್ನ ಕಡೆ ನೋಡಿದ. "ರೊಟ್ಟಿ ಆರಿರತಾವು, ಅಕ್ಕಗ ಹೇಳು ಅಂದ್ರು."

ಸುಧಾಬಾಯಿ ಅವನಿಗೆ ಕೈಮುಗಿದರು. ರಾಯರು ಬಿಸಿಲಲ್ಲಿ ಒಬ್ಬರೇ ಸಾಯಲಿಲ್ಲ, ಬಾಯಿಗೆ ನೀರು ಬಿತ್ತು. ಮೈಲಾರಪ್ಪ ಅಷ್ಟು ಮಾಡಿದ. ಅದಕ್ಕಿಂತ ಹೆಚ್ಚೇನೂ ನನಗೆ ಅವತ್ತು ಕಾಣಲಿಲ್ಲ.

ಕಲ್ಲಿಗೆ ಭಂಡಾರ ಹಚ್ಚಬೇಡಿ ಎನ್ನಲು ನಾವ್ಯಾರು? ಅದೇ ವಾರ ನಮ್ಮ ಗುರುತುಗಳನ್ನೆಲ್ಲ ನೀಲಿ ಮಾಡಿದೆವು. ಈಗ ಯಾರನ್ನೂ ಒಬ್ಬರನ್ನೇ ಕಳಿಸುವುದಿಲ್ಲ. ಅತಿಥಿಗಳು ನಮ್ಮೂರನ್ನು ನಮ್ಮ ಕಣ್ಣಿಂದ ನೋಡುವುದಿಲ್ಲ. ದಾರಿ ತೋರಿಸುವವರು ಅವರ ಕಣ್ಣಿಂದ ಒಮ್ಮೆ ನಡೆದು ನೋಡಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು.

ಅವತ್ತು ಮನೆಗೆ ಬಂದಾಗ ರಾಯರ ಪಾಲಿನ ರೊಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟ ಹಾಗೇ ಇತ್ತು. ಆಕಳಿಗೆ ಕೊಟ್ಟು ಬಂದೆ. ಉಳಿದ ಅತಿಥಿಗಳು ಹಸಿದು ಕುಳಿತಿದ್ದರು. ಹಂಚು ಇಟ್ಟು, ಬಿಸಿನೀರು ಹಾಕಿ, ಉರಿಯುವ ಕೈಯಿಂದಲೇ ಜೋಳದ ಹಿಟ್ಟು ನಾದತೊಡಗಿದೆ.