ಸ್ಟೋವ್ ಆರಿಸುವ ಗೌಸಬಿ

ಯಲವಿಗಿ ಸ್ಟೇಷನ್ನಿನ ಎದುರು ಇನ್ನೂ ನಸುಗತ್ತಲು. ಚಹಾದಂಗಡಿಯ ಗೌಸಬಿ ಪಂಪ್ ಸ್ಟೋವಿಗೆ ಗಾಳಿ ಹೊಡೆಯುತ್ತಿದ್ದಾರೆ. ಅದು ಹತ್ತಿಕೊಂಡು ಭರ್ರೆನ್ನತೊಡಗಿದರೆ ಮುಗಿಯಿತು, ಪಕ್ಕದವರ ಮಾತೂ ಕೇಳಿಸುವುದಿಲ್ಲ. ಹುಬ್ಬಳ್ಳಿ ಗಾಡಿಗೆ ಬಂದವರು ಕೈಸನ್ನೆಯಲ್ಲೇ ಚಹಾ ಕೇಳುತ್ತಾರೆ.

ಇದ್ದಕ್ಕಿದ್ದಂತೆ ಆಕೆ ಗಾಳಿ ಬಿಟ್ಟು ಸ್ಟೋವ್ ಆರಿಸುತ್ತಾರೆ. ಆಕೆಯ ಕಿವಿಯ ಪಕ್ಕದಲ್ಲೇ ಗೂಟಕ್ಕೆ ತೂಗುಹಾಕಿದ ರೇಡಿಯೊದಲ್ಲಿ ಹೊಳಬಸಪ್ಪ ಗವಾಯಿಗಳ ಹಾಡು ಶುರುವಾಗಿದೆ. ಅರ್ಧ ಕುದಿದ ಚಹಾ ಅಲ್ಲೇ ತಣ್ಣಗಾಗುತ್ತದೆ. ಗಿರಾಕಿಗಳು ಗೊಣಗುತ್ತಾರೆ. ನಾನೂ ಗೊಣಗಿದವನೇ; ಬೆಳಗಿನ ಚಹಾ ತಪ್ಪಿದರೆ ನನಗೆ ಲೋಕವೇ ಬೇಡ.

"ಹಾಡು ಮುಗೀಲಿ, ಕೊಡ್ತೇನಿ. ಅವಸರಿದ್ರ ನೀರ ಕುಡ್ದು ಹೋಗ್ರಿ."

ಗಂಡ ಶೇಖಸಾಬರು ಎಪ್ಪತ್ತೆರಡನೇ ಇಸವಿಯಲ್ಲಿ ತೀರಿಕೊಂಡ ಮೇಲೆ ಅಂಗಡಿ, ಸ್ಟೋವು, ರೇಡಿಯೊ ಎಲ್ಲ ಇವರ ಪಾಲಿಗೆ ಬಂದವು. ಒಂಟಿ ಹೆಂಗಸು ಸ್ಟೇಷನ್ನಿನ ಮುಂದೆ ಕೂತರೆ ಆಡಿಕೊಳ್ಳುವ ಬಾಯಿಗಳಿಗೇನು ಬರವೇ? "ಆ ದನಿ ಕೇಳ್ಕೋತ ಕುಂತ್ರ ಮಂದಿ ಮಾತು ಕಿವಿಗೆ ಬೀಳ್ತಿದ್ದಿಲ್ರಿ. ಇಂಥಾ ದನಿ ಇರೋ ಮನಷ್ಯಾ ಹೆಂಗದಾರೋ, ಒಮ್ಮೆ ಕಣ್ಣಾರೆ ನೋಡ್ಬೇಕು ಅನ್ನೋದೊಂದ ಆಸೆ ಉಳೀತು."

ಕಳೆದ ವರ್ಷ, ಎಂಬತ್ತಮೂರರ ದೀಪಾವಳಿ ಮುಗಿದ ವಾರ, ಸವಣೂರಿನಲ್ಲಿ ಗವಾಯಿಗಳ ಬೆಳಗಿನ ಕಚೇರಿ ಏರ್ಪಟ್ಟಿತು. ಚಹಾದ ಕೆಲಸ ಸಿಕ್ಕಿದ್ದು ಗೌಸಬಿಗೆ! ಆದರೆ ಸ್ಟೋವ್ ಇಟ್ಟದ್ದು ಸಭಾಂಗಣದ ಹಿತ್ತಲಲ್ಲಿ. ಗವಾಯಿಗಳಿಗೆ ಗಾಡಿ ಹಿಡಿಯುವುದಿದೆ, ಹಾಡು ಮುಗಿದ ಕೂಡಲೇ ಚಹಾ ಬರಬೇಕೆಂದು ಸಂಘಟಕ ಅಜ್ಜಪ್ಪನವರ ಕಟ್ಟಪ್ಪಣೆ. ಗೋಡೆಯಾಚೆ ಹಾಡು, ಈಚೆ ಬರೀ ಭರ್ರೆನ್ನುವ ಸದ್ದು.

"ರೇಡಿಯೋದಾಗ ಇದಕ್ಕಿಂತ ಛಲೋ ಕೇಳತಿತ್ತು. ಹೊಟ್ಟಿ ಉರೀತ್ರಿ. ಗಾಳಿ ಬಿಟ್ಟು, ಬಾಗಲದಾಗ ಹೋಗಿ ನಿಂತ್ನಿ."

ಏನು ಕಂಡಿತು ಎಂದು ಕೇಳಿದರೆ ಆಕೆಯ ಮುಖ ಅರಳುತ್ತದೆ. "ಭಾರೀ ಆಳು ಅನ್ಕೊಂಡಿದ್ನಿ. ಕಡ್ಡಿಯಂಗ ಅದಾರ! ಮ್ಯಾಲಿನ ಸ್ವರಕ್ಕ ಹೋಗೂ ಮುಂದ ಅವರ ಕಾಲ್ಬೆರಳು ಮಡಚ್ಕೋತಾವ್ರಿ, ಸಣ್ಣ ಕೂಸಿನ ಗತೆ. ಇಷ್ಟ ವರ್ಷ ರೇಡಿಯೊ ಇದನ್ನ ಹೇಳಿದ್ದಿಲ್ಲ ನೋಡ್ರಿ. ನಕ್ಕೋತನ ಅತ್ನಿ."

ಹಾಡು ಮುಗಿಯಿತು, ಚಹಾ ಇರಲಿಲ್ಲ. ಗವಾಯಿಗಳು ನೀರು ಕುಡಿದು ಗಾಡಿ ಹಿಡಿದರು. ಅಜ್ಜಪ್ಪನವರು ಎಲ್ಲರೆದುರು ಬೈದು, ಇನ್ನು ಮೇಲೆ ನಿನ್ನನ್ನು ಕರೆಯುವುದಿಲ್ಲ ಎಂದುಬಿಟ್ಟರು.

"ಬೈದದ್ದು ಖರೇನ ಐತಿ. ಹಾಡಿ ದಣದ ಗಂಟಲಕ್ಕ ನಾ ಒಂದ ಕಪ್ಪು ಚಾ ಕೊಡ್ಲಿಲ್ಲ. ಅದು ಇನ್ನೂ ಚುಚ್ಚತೈತಿ."

ಅಜ್ಜಪ್ಪನವರು ಮಾತಿಗೆ ತಪ್ಪಿಲ್ಲ. ಬರುವ ಭಾನುವಾರ ಸವಣೂರಿಗೆ ಗವಾಯಿಗಳು ಮತ್ತೆ ಬರುತ್ತಿದ್ದಾರೆ. ಚಹಾದ ಕೆಲಸ ಮಜೀದ ಎಂಬ ಹುಡುಗನ ಪಾಲಾಗಿದೆ. ಗೌಸಬಿ ಅಂದು ಅಂಗಡಿ ಮುಚ್ಚಿ ಹಾಡು ಕೇಳಲು ಹೋಗುತ್ತಾರಂತೆ. ಕೆಲಸ ಕೈತಪ್ಪಿದ್ದಕ್ಕೆ ಬೇಸರವಿಲ್ಲವೇ ಎಂದೆ.

ರೇಡಿಯೊದ ಹಾಡು ಮುಗಿದಿದೆ. ಆಕೆ ಮತ್ತೆ ಸ್ಟೋವಿಗೆ ಗಾಳಿ ಹೊಡೆಯುತ್ತಾ ನಗುತ್ತಾರೆ.

"ಯಾಕ ಬ್ಯಾಸರ್ರಿ? ಮಜೀದಗ ಹೇಳೇನಿ: ಹಾಡೋದು ಶುರು ಆಗೂದ್ರಾಗ ಚಾ ಕಾಸಿ ಥರ್ಮಾಸಿನ್ಯಾಗ ತುಂಬಿಡು, ಸ್ಟೋವ್ ಆರ್ಸಿ ಒಳಗ ಬಾ ಅಂತ. ನನ್ನ ಬಾಜೂಕ ಅವಗೊಂದ ಜಾಗಾ ಹಿಡಿದಿರ್ತೇನಿ."